ಮುಂಬಯಿ ಪೌರಸಭೆಯ ಮತಾಧಿಕಾರ ಮತ್ತು ರಾಜಕೀಯ ಪರಿವರ್ತನೆ

೧

ಪೌರಸಭೆಗಳ ಚುನಾವಣೆಯನ್ನು ಕುರಿತು ವಿದ್ಯಾವಂತರಲ್ಲಿ ಎರಡು ಅಭಿಪ್ರಾಯಗಳು ಬಹುಕಾಲದಿಂದ ನಡೆದುಬಂದಿವೆ. ಓಣಿಯ ದೀಪ, ಚರಂಡಿ, ನಲ್ಲಿಯ ನೀರು ಇವುಗಳ ಮೇಲ್ವಿಚಾರಣೆಗೆ ಕೆಲವರನ್ನು ಆರಿಸಿ ಕಳಿಸಿದ ಮಾತ್ರಕ್ಕೆ ರಾಜ್ಯದ ಸ್ವರೂಪವು ಬದಲಾಗಲಾರದು, ಅಧಿಕಾರದ ಬೇರು ಬೇರೆಡೆಯಲ್ಲಿರುವಾಗ ಎಲೆಗೆ ನೀರೆರೆದು ಫಲವಿಲ್ಲ ಎಂಬುದು ಮೊದಲನೆಯದು. ಊರಿನ ಆಡಳಿತದಲ್ಲಿ ಕೈಪಳಗದ ಜನರು ನಾಡಿನ ಆಡಳಿತವನ್ನು ಎಂದಿಗೂ ಹಿಡಿಯಲಾರರು, ಸ್ವರಾಜ್ಯದ ಮೊದಲ ಪಾಠಶಾಲೆಯು ಪೌರಸಭೆಯೇ ಎಂಬುದು ಎರಡನೆಯದು. ೧೮೮೨ರ ಮೇ ತಿಂಗಳಲ್ಲಿ ವೈಸರಾಯ್ ರಿಪನ್ ಹೊರಡಿಸಿದ ಸ್ಥಳೀಯ ಸ್ವಯಮಾಡಳಿತದ ನಿರ್ಣಯವು ಈ ಎರಡನೆಯ ಅಭಿಪ್ರಾಯವನ್ನೇ ಎತ್ತಿಹಿಡಿದಿದ್ದಿತು. ಆಡಳಿತದ ದಕ್ಷತೆಗಿಂತಲೂ ಜನರ ರಾಜಕೀಯ ಶಿಕ್ಷಣವೇ ಅದರ ಮುಖ್ಯ ಉದ್ದೇಶವಾಗಿದ್ದಿತು.

ಈ ವಾದವು ತರ್ಕದಿಂದ ಮಾತ್ರವೇ ಇತ್ಯರ್ಥವಾಗತಕ್ಕದ್ದಲ್ಲ. ಒಂದು ನಗರವನ್ನು ಆಯ್ದುಕೊಂಡು, ಅಲ್ಲಿ ಯಾರಿಗೆ ಮತವಿದ್ದಿತು, ಆರಿಸಿ ಬಂದವರ ಕೈಯಲ್ಲಿ ಯಾವ ಅಧಿಕಾರವಿದ್ದಿತು, ಮತದಿಂದ ನಿಜವಾಗಿ ಏನು ಬದಲಾಯಿತು ಎಂಬ ಮೂರು ಪ್ರಶ್ನೆಗಳನ್ನು ಕಾಲಕ್ರಮದಲ್ಲಿ ಕೇಳಿಕೊಂಡು ಹೋದರೆ ಮಾತ್ರ ಉತ್ತರದ ರೂಪರೇಷೆ ಕಾಣಿಸೀತು. ಇಂಥ ಪರೀಕ್ಷೆಗೆ ಮುಂಬಯಿಗಿಂತ ತಕ್ಕ ನಗರವು ದೊರೆಯುವುದು ಕಷ್ಟ. ಇಲ್ಲಿಯ ಪೌರಸಭೆಯ ಇತಿಹಾಸವು ನೂರೈವತ್ತು ವರ್ಷಗಳಿಗೂ ಮಿಕ್ಕಿದ್ದು; ಅದನ್ನು ಆಳುವ ಮೂಲ ಕಾಯದೆಯು ೧೮೮೮ರದು. ಅಲ್ಲದೆ ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರ ಜಿಲ್ಲೆಗಳು ೧೯೫೬ರವರೆಗೆ ಇದೇ ಮುಂಬಯಿ ಸರಕಾರದ ಆಡಳಿತಕ್ಕೆ ಒಳಪಟ್ಟಿದ್ದವು. ಆದುದರಿಂದ ಈ ಕಥೆಯು ಮುಂಬಯಿಯಲ್ಲಿ ನೆಲೆಸಿದ ಕನ್ನಡಿಗರಿಗೆ ಕೇವಲ ನೆರೆಮನೆಯ ಕಥೆಯಲ್ಲ.

೨

ಮುಂಬಯಿಯ ಪೌರಾಡಳಿತವು ಮೊದಲಿಗೆ ಸರಕಾರವು ನೇಮಿಸಿದ ಜಸ್ಟಿಸ್ ಆಫ್ ದಿ ಪೀಸ್ ಎಂಬ ಗಣ್ಯರ ಕೈಯಲ್ಲಿದ್ದಿತು. ೧೮೬೫ರ ಕಾಯದೆಯು ಈ ಜಸ್ಟಿಸರ ಮಂಡಲಕ್ಕೆ ಕಾನೂನಿನ ವ್ಯಕ್ತಿತ್ವವನ್ನು ಕೊಟ್ಟಿತಾದರೂ ಕಾರ್ಯಾಧಿಕಾರವನ್ನೆಲ್ಲ ಒಬ್ಬ ಮುನಿಸಿಪಲ್ ಕಮಿಷನರನಿಗೆ ವಹಿಸಿತು. ಆ ಸ್ಥಾನಕ್ಕೆ ಬಂದ ಆರ್ಥರ್ ಕ್ರಾಫರ್ಡನು ಕಾರ್ಯದಕ್ಷನೂ ಸಾಹಸಿಯೂ ಆಗಿದ್ದನು. ಹತ್ತಿಯ ವ್ಯಾಪಾರದ ಹುಚ್ಚು ಸಂಪತ್ತು ಬಂದು ಹೋಗಿದ್ದ ಆ ಕಾಲದಲ್ಲಿ ರಸ್ತೆ, ಚರಂಡಿ, ಮಾರುಕಟ್ಟೆಗಳ ಕೆಲಸವನ್ನು ಆತನು ಬಿರುಸಿನಿಂದ ನಡೆಸಿದನು. ೧೮೬೯ರಲ್ಲಿ ತೆರೆದು ಬಹುಕಾಲ ಆತನ ಹೆಸರನ್ನೇ ಹೊತ್ತಿದ್ದ ಮಾರುಕಟ್ಟೆಯು ಅದಕ್ಕೆ ಸಾಕ್ಷಿ. ಆದರೆ ಖರ್ಚಿಗೆ ಹಿಡಿತವಿರಲಿಲ್ಲ. ಜಸ್ಟಿಸರು ಸರಕಾರದ ಕೃಪೆಯಿಂದ ಬಂದವರು. ಕರ ಕೊಡುವವರಿಗೆ ಅವರು ಲೆಕ್ಕ ಒಪ್ಪಿಸಬೇಕಾಗಿರಲಿಲ್ಲ. ೧೮೭೧ರ ವೇಳೆಗೆ ಪೌರಸಭೆಯ ಹಣಕಾಸು ಕೆಟ್ಟು ಕರದಾತರ ಚಳವಳಿಯು ಎದ್ದಿತು.

ಈ ಚಳವಳಿಯ ನಡುವೆ, ೧೮೭೧ರ ನವೆಂಬರಿನಲ್ಲಿ, ಇಪ್ಪತ್ತಾರು ವರ್ಷದ ಬ್ಯಾರಿಸ್ಟರ್ ಫಿರೋಜಶಹ ಮೆಹತಾ ಅವರು ಫ್ರಾಮಜಿ ಕಾವಸಜಿ ಸಭಾಗೃಹದಲ್ಲಿ ಒಂದು ಪ್ರಬಂಧವನ್ನು ಓದಿದರು. ಸಭಿಕರು ಕ್ರಾಫರ್ಡನ ಮೇಲೆ ಕೆಂಡ ಕಾರುತ್ತಿದ್ದರು. ಮೆಹತಾ ಅವರಾದರೋ ದೋಷವು ಆ ಮನುಷ್ಯನದಲ್ಲ, ವ್ಯವಸ್ಥೆಯದೆಂದು ವಾದಿಸಿದರು. ಕೆಲಸ ಮಾಡುವ ಅಧಿಕಾರಿ ಒಬ್ಬನೇ ಇರಲಿ, ಆದರೆ ಅವನ ಮೇಲಿನ ಹಿಡಿತವು ಕರದಾತರು ಆರಿಸಿದ ಸಭೆಯ ಕೈಯಲ್ಲಿರಲಿ ಎಂಬುದು ಅವರ ಸೂಚನೆ. ಸಭೆಯು ಅದನ್ನು ಮೆಚ್ಚಲಿಲ್ಲ. ಆದರೂ ಮುಂದಿನ ವರ್ಷ ಬಂದ ಕಾಯದೆಯು ಬಹುಮಟ್ಟಿಗೆ ಅದೇ ದಾರಿಯನ್ನು ಹಿಡಿಯಿತು.

೧೮೭೨ರ ಕಾಯದೆಯ ಪ್ರಕಾರ ಪೌರಸಭೆಯ ಸದಸ್ಯರು ೬೪ ಜನ. ಅವರಲ್ಲಿ ೧೬ ಜನ ಸರಕಾರದ ನಾಮಕರಣದವರು, ೧೬ ಜನ ಜಸ್ಟಿಸರಿಂದ ಆಯ್ಕೆಯಾದವರು, ಉಳಿದ ೩೨ ಜನ ಕರದಾತರಿಂದ ಚುನಾಯಿತರಾದವರು. ವರ್ಷಕ್ಕೆ ೫೦ ರೂಪಾಯಿ ಪೌರಕರ ಕೊಡುವವನಿಗೆ ಮಾತ್ರ ಮತ. ಅದೇ ವರ್ಷದ ಜನಗಣತಿಯಲ್ಲಿ ನಗರದ ಜನಸಂಖ್ಯೆಯು ೬,೪೪,೪೦೫ ಆಗಿದ್ದಿತು. ಇವರಲ್ಲಿ ಮತವುಳ್ಳವರು ಕೆಲವೇ ಸಾವಿರ ಮಂದಿ.

ಇಲ್ಲಿ ಒಂದು ಅಂಶವನ್ನು ಗಮನಿಸಬೇಕು. ಮುಂಬಯಿಗೆ ಚುನಾವಣೆಯ ಹಕ್ಕು ಚುನಾವಣೆಯಿಂದ ದೊರೆಯಲಿಲ್ಲ. ಸಭೆ, ಮನವಿ, ಪತ್ರಿಕೆಗಳ ಬರವಣಿಗೆ, ಕರದ ಬಗೆಗಿನ ಸಿಟ್ಟು ಇವುಗಳಿಂದ ದೊರೆಯಿತು. ಮತವು ಚಳವಳಿಯ ಫಲವಾಗಿ ಬಂದಿತೇ ಹೊರತು ಚಳವಳಿಯು ಮತದ ಫಲವಾಗಿ ಬರಲಿಲ್ಲ. ಮುಂದೆಯೂ ಈ ಕ್ರಮವು ಮತ್ತೆ ಮತ್ತೆ ಕಾಣಿಸಿಕೊಳ್ಳುವುದು.

೩

ಫಿರೋಜಶಹ ಮೆಹತಾ ಮತ್ತು ಕಾಶಿನಾಥ ತ್ರ್ಯಂಬಕ ತೆಲಂಗ ಇವರು ಶಾಸನಸಭೆಯಲ್ಲಿ ಶ್ರಮಿಸಿ ತಿದ್ದಿದ ೧೮೮೮ರ ಕಾಯದೆಯು ಪೌರಸಭೆಯನ್ನು ೭೨ ಸದಸ್ಯರಿಗೆ ಏರಿಸಿತು. ಕರದಾತರ ಪ್ರತಿನಿಧಿಗಳು ೩೬ ಜನ, ಜಸ್ಟಿಸರವರು ೧೬, ವಿಶ್ವವಿದ್ಯಾನಿಲಯದ ಫೆಲೋಗಳವರು ೨, ವಾಣಿಜ್ಯಮಂಡಲಿಯವರು ೨, ಸರಕಾರದವರು ೧೬. ಮತದ ಅರ್ಹತೆಯು ೩೦ ರೂಪಾಯಿಗಿಳಿಯಿತು. ಪದವೀಧರರಿಗೂ ಮತ ಬಂದಿತು.

ಈ ಕಾಯದೆಯ ನಿಜವಾದ ಮಹತ್ತ್ವವು ಸದಸ್ಯರ ಸಂಖ್ಯೆಯಲ್ಲಿಲ್ಲ. ಅಧಿಕಾರವನ್ನು ಹಂಚಿದ ಬಗೆಯಲ್ಲಿದೆ. ಪೌರಸಭೆ, ಸ್ಥಾಯೀ ಸಮಿತಿ, ಕಮಿಷನರ್ ಎಂಬ ಮೂರು ಅಧಿಕಾರಸ್ಥಾನಗಳನ್ನು ಅದು ನೆಲೆಗೊಳಿಸಿತು. ಆಯವ್ಯಯವನ್ನು ಒಪ್ಪುವುದು, ಕರದ ಪ್ರಮಾಣವನ್ನು ಗೊತ್ತುಪಡಿಸುವುದು, ಪ್ರಶ್ನೆ ಕೇಳುವುದು ಸಭೆಯ ಹಕ್ಕು. ಕಾಯದೆಯನ್ನು ಕಾರ್ಯರೂಪಕ್ಕೆ ತರುವ ಸಂಪೂರ್ಣ ಅಧಿಕಾರವು ಕಮಿಷನರನದು. ಆ ಕಮಿಷನರನನ್ನು ನೇಮಿಸುವುದು ಸರಕಾರ. ೭೨ ಜನರಲ್ಲಿ ೪೫ ಜನರು ಕೂಡಿ ಮತವಿತ್ತರೆ ಆತನನ್ನು ತೆಗೆದುಹಾಕಬಹುದಾಗಿದ್ದಿತು. ಆದರೆ ಅವನ ಸ್ಥಾನಕ್ಕೆ ಬರುವವನನ್ನು ಮತ್ತೆ ಸರಕಾರವೇ ಕಳಿಸುವುದು. ಹೀಗೆ ಮತದಾರನು ಹಣದ ಚೀಲಕ್ಕೆ ಕಾವಲುಗಾರನನ್ನು ಆರಿಸಬಲ್ಲವನಾದನು. ಚೀಲವನ್ನು ಬಿಚ್ಚಿ ಕೆಲಸ ಮಾಡಿಸುವವನನ್ನು ಆರಿಸಬಲ್ಲವನಾಗಲಿಲ್ಲ.

ಈ ಅಧಿಕಾರವಾದರೂ ಎಷ್ಟು ಭದ್ರವಾಗಿದ್ದಿತು? ೧೮೯೬ರಲ್ಲಿ ನಗರಕ್ಕೆ ಪ್ಲೇಗು ತಗುಲಿತು. ಇಕ್ಕಟ್ಟಾದ ಓಣಿಗಳನ್ನು ಒಡೆದು ಹೊಸ ರಸ್ತೆ, ಹೊಸ ಬಡಾವಣೆಗಳನ್ನು ನಿರ್ಮಿಸುವ ಅಗತ್ಯವುಂಟಾದಾಗ ಸರಕಾರವು ಆ ಕೆಲಸವನ್ನು ಪೌರಸಭೆಗೆ ವಹಿಸದೆ ೧೮೯೮ರಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಎಂಬ ಪ್ರತ್ಯೇಕ ಮಂಡಲಿಯನ್ನು ರಚಿಸಿತು. ಅದರ ಟ್ರಸ್ಟಿಗಳಲ್ಲಿ ಪೌರಸಭೆಯು ಆರಿಸಿದವರು ಕೆಲವರು ಮಾತ್ರ. ಮುಂದೆ ಕನ್ನಡಿಗರೂ ಇತರ ದಕ್ಷಿಣದವರೂ ಹೆಚ್ಚಾಗಿ ನೆಲೆಸಿದ ದಾದರ, ಮಾಟುಂಗದ ಅಗಲವಾದ ರಸ್ತೆಗಳು ಈ ಟ್ರಸ್ಟಿನ ಯೋಜನೆಯವು. ಚುನಾಯಿತವಲ್ಲದ ಮಂಡಲಿಯೊಂದು ನಗರದ ರೂಪವನ್ನು ಪೌರಸಭೆಗಿಂತ ಹೆಚ್ಚಾಗಿ ಬದಲಿಸಿತೆಂಬುದನ್ನು ಒಪ್ಪಲೇಬೇಕು. ಆದರೆ ಕೆಡವಿದ ಚಾಳುಗಳಿಂದ ಹೊರಬಿದ್ದ ಬಡವರಿಗೆ ಸಾಕಷ್ಟು ಮನೆಗಳು ಏಳಲಿಲ್ಲ ಎಂಬ ದೂರೂ ಆ ಟ್ರಸ್ಟಿನ ಇತಿಹಾಸದುದ್ದಕ್ಕೂ ಅಂಟಿಕೊಂಡಿತು. ಹೊರಬಿದ್ದವರಿಗೆ ಮತವೂ ಇರಲಿಲ್ಲ. ಮತವಿದ್ದರೂ ಅದರಿಂದ ಪ್ರಶ್ನಿಸಬಹುದಾದ ಸಭೆಯ ಕೈಯಲ್ಲಿ ಆ ಕೆಲಸವೂ ಇರಲಿಲ್ಲ. ೧೯೩೩ರಲ್ಲಿ ಟ್ರಸ್ಟು ಪೌರಸಭೆಯಲ್ಲಿ ವಿಲೀನವಾಗುವವರೆಗೆ ಈ ಸ್ಥಿತಿಯು ನಡೆಯಿತು.

ಸ್ಥಳೀಯ ಸಭೆಗೆ ಮತವನ್ನು ಕೊಟ್ಟು, ಮುಖ್ಯವಾದ ಕೆಲಸವನ್ನು ಅದರ ಕೈಯಿಂದ ಬೇರೆ ಕೈಗೆ ಸರಿಸುವ ಈ ಪದ್ಧತಿಯು ಪರಕೀಯ ಆಳಿಕೆಯೊಡನೆ ಮುಗಿಯಲಿಲ್ಲ. ಸ್ವಾತಂತ್ರ್ಯಾನಂತರ ಪ್ರದೇಶಾಭಿವೃದ್ಧಿ, ಗೃಹನಿರ್ಮಾಣಗಳಿಗಾಗಿ ರಾಜ್ಯಸರಕಾರಗಳು ನಗರ ನಗರಗಳಲ್ಲಿ ರಚಿಸಿದ ಪ್ರಾಧಿಕಾರಗಳೂ ಇದೇ ಜಾಡಿನವು.

೪

ಮತಕ್ಕೆ ಬೆಲೆಯಿಲ್ಲವೆನ್ನುವವರು ೧೯೦೭ರ ಘಟನೆಯನ್ನು ನೆನೆಯಬೇಕು. ಆ ವೇಳೆಗೆ ಫಿರೋಜಶಹ ಮೆಹತಾ ಅವರು ಪೌರಸಭೆಯಲ್ಲಿ ಎದುರಿಲ್ಲದ ನಾಯಕರಾಗಿದ್ದರು. ಅವರ ಪ್ರಭಾವವನ್ನು ಮುರಿಯಬೇಕೆಂದು ಅಕೌಂಟೆಂಟ್ ಜನರಲ್ ಹ್ಯಾರಿಸನ್, ಮುನಿಸಿಪಲ್ ಕಮಿಷನರ್ ಶೆಪರ್ಡ್, ಪೊಲೀಸ್ ಕಮಿಷನರ್ ಗೆಲ್, ಪತ್ರಿಕಾ ಸಂಪಾದಕ ಲೋವಟ್ ಫ್ರೇಸರ್ ಇವರು ಒಂದು ಕೂಟವನ್ನು ಕಟ್ಟಿದರು. ಜಸ್ಟಿಸರ ಹದಿನಾರು ಸ್ಥಾನಗಳಿಗೆ ಹದಿನಾರು ಹೆಸರುಗಳ ಪಟ್ಟಿಯೊಂದನ್ನು ಹಂಚಿ, ಅದಕ್ಕೇ ಮತ ಬೀಳುವಂತೆ ವ್ಯವಸ್ಥೆ ಮಾಡಿದರು. ಮೆಹತಾ ಅವರು ಹದಿನೇಳನೆಯವರಾಗಿ ಸೋತರು. ಊರೆಲ್ಲ ಕೋಲಾಹಲವೆದ್ದಿತು, ಅಧಿಕಾರಿಗಳ ನಡತೆಯನ್ನು ಖಂಡಿಸಲು ಮಾಧವಬಾಗಿನಲ್ಲಿ ದೊಡ್ಡ ಸಭೆ ಸೇರಿತು. ಕೊನೆಗೆ ಗೆದ್ದ ಹದಿನಾರು ಜನರಲ್ಲಿ ಒಬ್ಬರ ಆಯ್ಕೆಯು ಕಾನೂನಿನ ತೊಡಕಿನಿಂದ ರದ್ದಾಗಿ, ಹದಿನೇಳನೆಯವರಾದ ಮೆಹತಾ ಅವರೇ ಮತ್ತೆ ಒಳಬಂದರು.

ಈ ಪ್ರಸಂಗವು ಎರಡು ಸಂಗತಿಗಳನ್ನು ತಿಳಿಸುತ್ತದೆ. ಪೌರಸಭೆಯ ಸದಸ್ಯತ್ವವು ನಿರರ್ಥಕವಾಗಿದ್ದಲ್ಲಿ ನಾಲ್ವರು ಪ್ರಬಲರು ಕೂಡಿ ಒಬ್ಬ ಸದಸ್ಯನನ್ನು ಹೊರಹಾಕಲು ಇಷ್ಟು ಪ್ರಯಾಸಪಡುತ್ತಿರಲಿಲ್ಲ. ಆಯವ್ಯಯದ ಮೇಲೆ ಕಣ್ಣಿಟ್ಟು ಪ್ರಶ್ನಿಸುವ ಒಬ್ಬ ಸಮರ್ಥನು ಅಧಿಕಾರಕ್ಕೆ ಎಷ್ಟು ತೊಡಕಾಗಬಲ್ಲನೆಂಬುದನ್ನು ಅವರು ಬಲ್ಲವರಾಗಿದ್ದರು. ಎರಡನೆಯದಾಗಿ, ಮತದಾರರ ವರ್ಗವು ಚಿಕ್ಕದಾಗಿದ್ದಷ್ಟೂ ಅದನ್ನು ಒಲಿಸುವುದು, ಅಂಜಿಸುವುದು ಸುಲಭ. ಜಸ್ಟಿಸರಾಗುವುದೇ ಸರಕಾರದ ಅನುಗ್ರಹದಿಂದ. ಅಂಥವರ ಮೇಲೆ ಅಧಿಕಾರಿಗಳ ಮಾತು ನಡೆದುದರಲ್ಲಿ ಆಶ್ಚರ್ಯವಿಲ್ಲ.

ಅದೇ ೧೯೦೭ರಲ್ಲಿ ಇನ್ನೊಂದು ಶಾಸನವೂ ಬಂದಿತು. ನಗರದ ಪೊಲೀಸರ ವೆಚ್ಚದ ಹೊರೆಯನ್ನು ಪೌರಸಭೆಯ ಮೇಲಿಂದ ಇಳಿಸಿ ಸರಕಾರವು ತಾನೇ ಹೊತ್ತಿತು. ಅದಕ್ಕೆ ಪ್ರತಿಯಾಗಿ ಪ್ರಾಥಮಿಕ ಶಿಕ್ಷಣ ಮೊದಲಾದ ಹೊಣೆಗಳು ಪೌರಸಭೆಗೆ ಬಂದವು. ಕರದಾತರ ಪ್ರತಿನಿಧಿಗಳು ಬಹುವರ್ಷ ಕಾದಾಡಿದ್ದ ವಿಷಯವಿದು. ಸದ್ದಿಲ್ಲದೆ ನಡೆದ ಈ ಬದಲಾವಣೆಯ ಫಲವು ಕಾಲಾಂತರದಲ್ಲಿ ದೊಡ್ಡದಾಯಿತು. ಕೂಲಿಕಾರರ ಮಕ್ಕಳಿಗೆ ಅವರವರ ಮಾತೃಭಾಷೆಯಲ್ಲಿ ಅಕ್ಷರ ಕಲಿಸುವ ಪೌರಶಾಲೆಗಳು ಬೆಳೆದವು. ಮರಾಠಿ, ಗುಜರಾತಿ, ಉರ್ದುಗಳೊಡನೆ ಕನ್ನಡ, ತಮಿಳು, ತೆಲುಗು ಶಾಲೆಗಳನ್ನೂ ಪೌರಸಭೆಯು ನಡೆಸಿತು. ಕರ್ನಾಟಕದ ಹೊರಗೆ ಕನ್ನಡದ ಮಗುವಿಗೆ ಕರದ ಹಣದಿಂದ ಕನ್ನಡ ಕಲಿಸಿದ ಆಡಳಿತಗಳಲ್ಲಿ ಮುಂಬಯಿ ಪೌರಸಭೆಯೂ ಒಂದು. ಪೊಲೀಸರಿಗೆ ಹೋಗುವ ಹಣವು ಶಾಲೆಗೆ ಹೋಗುವಂತಾದುದು ಸಾಮಾನ್ಯವಾದ ರಾಜಕೀಯ ಪರಿವರ್ತನೆಯೆಂದು ಯಾರೂ ಹೇಳಲಾರರು.

೫

೧೯೨೨ರ ತಿದ್ದುಪಡಿಯಿಂದ ಮತಾಧಿಕಾರವು ಮನೆಯೊಡೆಯರಿಂದ ಬಾಡಿಗೆದಾರರಿಗೆ ಇಳಿಯಿತು. ತಿಂಗಳಿಗೆ ೧೦ ರೂಪಾಯಿ ಬಾಡಿಗೆ ಕೊಡುವವನಿಗೆ ಮತ ದೊರೆಯಿತು. ಜಸ್ಟಿಸರ ಸ್ಥಾನಗಳು ಹೋದವು. ೧೦೬ ಸದಸ್ಯರಲ್ಲಿ ೭೬ ಜನರು ವಾರ್ಡುಗಳಿಂದ ಆರಿಸಿ ಬರುವಂತಾಯಿತು. ಗುಮಾಸ್ತ, ಉಪಾಧ್ಯಾಯ, ಸಣ್ಣ ವ್ಯಾಪಾರಿ ಇವರು ಮತದಾರರಾದರು. ಒಂದೇ ಕೋಣೆಯ ಚಾಳಿನಲ್ಲಿ ಬಾಳುವ ಗಿರಣಿಯ ಕೆಲಸಗಾರನು ಬಹುಮಟ್ಟಿಗೆ ಹೊರಗೇ ಉಳಿದನು.

ಇದರ ಪರಿಣಾಮವು ಕೂಡಲೇ ತೋರಿತು. ಮರುವರ್ಷದ ಚುನಾವಣೆಯಲ್ಲಿ ರಾಷ್ಟ್ರೀಯ ಪಕ್ಷವು ಪ್ರಬಲವಾಗಿ ಬಂದು, ೧೯೨೪ರಲ್ಲಿ ವಿಠ್ಠಲಭಾಯಿ ಪಟೇಲರು ಅಧ್ಯಕ್ಷರಾದರು. ಅದೇ ಕಾಲಕ್ಕೆ ದೇಶದ ಇತರ ನಗರಗಳಲ್ಲಿಯೂ ಇದೇ ದೃಶ್ಯ. ಅಹಮದಾಬಾದಿನಲ್ಲಿ ವಲ್ಲಭಭಾಯಿ ಪಟೇಲರು, ಅಲಹಾಬಾದಿನಲ್ಲಿ ಜವಾಹರಲಾಲ ನೆಹರೂ, ಪಟನಾದಲ್ಲಿ ರಾಜೇಂದ್ರ ಪ್ರಸಾದರು ಪೌರಸಭೆಗಳ ಅಧ್ಯಕ್ಷರಾದರು. ಕಲಕತ್ತೆಯಲ್ಲಿ ೧೯೨೩ರ ಹೊಸ ಕಾಯದೆಯಡಿ ಚಿತ್ತರಂಜನ ದಾಸರು ಮೊದಲನೆಯ ಮೇಯರರಾದರು. ಸುಭಾಷಚಂದ್ರ ಬೋಸರು ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಯಾದರು. ಮುಂದೆ ಸ್ವತಂತ್ರ ಭಾರತದ ರಾಷ್ಟ್ರಪತಿ, ಪ್ರಧಾನಮಂತ್ರಿ, ಉಪಪ್ರಧಾನಮಂತ್ರಿಗಳಾದ ಮೂವರೂ ಪೌರಸಭೆಯಲ್ಲಿ ಕುಳಿತು ಕಡತ ನೋಡಿದವರೆಂಬುದು, ಪಾಠಶಾಲೆಯ ಮಾತಿಗೆ ಪುಷ್ಟಿ ಕೊಡುತ್ತದೆ.

ಆದರೆ ಕಲಕತ್ತೆಯ ಉದಾಹರಣೆಯು ಇನ್ನೊಂದನ್ನೂ ಕಲಿಸುತ್ತದೆ. ಆ ನಗರದಲ್ಲಿ ಮುಖ್ಯಾಧಿಕಾರಿಯನ್ನು ಆರಿಸುವ ಹಕ್ಕು ಸಭೆಗಿದ್ದಿತು. ಈ ಅಂಶದಲ್ಲಿ ಮುಂಬಯಿಗಿಂತ ಅದು ಮುಂದಿದ್ದಿತು. ಹಾಗೆ ಆರಿಸಿದ ಬೋಸರನ್ನು ೧೯೨೪ರ ಅಕ್ಟೋಬರಿನಲ್ಲಿ, ನೇಮಕವಾದ ಕೆಲವೇ ತಿಂಗಳಲ್ಲಿ, ಸರಕಾರವು ವಿಚಾರಣೆಯಿಲ್ಲದೆ ಸೆರೆಹಿಡಿಯಿತು. ಮುಂದೆ ಅವರನ್ನು ಮಂಡಾಲೆಗೆ ಸಾಗಿಸಿತು. ಮತದಿಂದ ಕುರ್ಚಿ ದೊರೆಯಿತು, ಅದರಲ್ಲಿ ಕುಳಿತವನಿಗೆ ರಕ್ಷಣೆ ದೊರೆಯಲಿಲ್ಲ. ಪೌರಸಭೆಗಳ ಅಧ್ಯಕ್ಷರಾದ ನಾಯಕರಲ್ಲಿ ಬಹುಮಂದಿ ಎರಡು ಮೂರು ವರ್ಷಗಳಲ್ಲಿಯೇ ಅವುಗಳನ್ನು ಬಿಟ್ಟು ವಿಶಾಲವಾದ ಹೋರಾಟಕ್ಕೆ ಹಿಂದಿರುಗಿದುದಕ್ಕೂ ಈ ಇಕ್ಕಟ್ಟೇ ಬಹುಮಟ್ಟಿಗೆ ಕಾರಣ.

ಇಷ್ಟಾದರೂ ಮುಂಬಯಿಯಲ್ಲಿ ಆ ದಶಕದ ಪೌರಸಭೆಯು ಬಿಟ್ಟುಹೋದ ಗುರುತು ಉಳಿದಿದೆ. ೧೯೨೬ರಲ್ಲಿ ಪರಳದಲ್ಲಿ ಪೌರಸಭೆಯ ಕೆ. ಇ. ಎಂ. ಆಸ್ಪತ್ರೆಯೂ ಅದಕ್ಕೆ ಸೇರಿದ ಗೋರ್ಧನದಾಸ ಸುಂದರದಾಸ ವೈದ್ಯಕೀಯ ಕಾಲೇಜೂ ತೆರೆದವು. ಅಧ್ಯಾಪಕರೆಲ್ಲ ಭಾರತೀಯರಾಗಿರಬೇಕೆಂಬ ದಾನಿಗಳ ನಿಬಂಧನೆಯನ್ನು ಪೌರಸಭೆಯು ಒಪ್ಪಿ ನಡೆಸಿತು. ಉನ್ನತ ವೈದ್ಯಕೀಯ ಹುದ್ದೆಗಳು ಯುರೋಪೀಯರ ಮೀಸಲಾಗಿದ್ದ ಕಾಲದಲ್ಲಿ ಗಿರಣಿಗಳ ನಡುವೆ ಎದ್ದ ಈ ಸಂಸ್ಥೆಯು, ರಾಜ್ಯಾಧಿಕಾರವಿಲ್ಲದ ಸಭೆಯೂ ಏನು ಮಾಡಬಲ್ಲುದೆಂಬುದಕ್ಕೆ ನಿದರ್ಶನ.

೬

ನಗರದಿಂದ ದೂರವಲ್ಲದ ಒಂದು ಸಣ್ಣ ಊರಿನ ವೃತ್ತಾಂತವು ಪ್ರಶ್ನೆಯನ್ನು ಇನ್ನೂ ಆಳಕ್ಕೆ ಒಯ್ಯುತ್ತದೆ. ೧೯೨೩ರ ಆಗಸ್ಟಿನಲ್ಲಿ ಮುಂಬಯಿ ಶಾಸನಸಭೆಯು, ಸಾರ್ವಜನಿಕ ಕೆರೆ ಬಾವಿ ಧರ್ಮಶಾಲೆಗಳನ್ನು ಅಸ್ಪೃಶ್ಯರೂ ಬಳಸಬಹುದೆಂದು ಸೀ. ಕೆ. ಬೋಲೆಯವರು ತಂದ ನಿರ್ಣಯವನ್ನು ಒಪ್ಪಿತು. ಕೊಲಾಬಾ ಜಿಲ್ಲೆಯ ಮಹಾಡದ ಪುರಸಭೆಯು ಅದನ್ನನುಸರಿಸಿ ೧೯೨೪ರಲ್ಲಿ ತನ್ನ ಚವದಾರ ಕೆರೆಯನ್ನು ಎಲ್ಲರಿಗೂ ತೆರೆದಿದೆಯೆಂದು ಗೊತ್ತುವಳಿ ಮಾಡಿತು. ಕಾಗದದ ಮೇಲೆ ಕೆರೆಯು ತೆರೆಯಿತು. ಮೂರು ವರ್ಷ ಕಳೆದರೂ ಯಾವ ಅಸ್ಪೃಶ್ಯನೂ ಅದರ ನೀರನ್ನು ಮುಟ್ಟಲಾಗಲಿಲ್ಲ.

೧೯೨೭ರ ಮಾರ್ಚಿ ೨೦ರಂದು ಡಾ. ಅಂಬೇಡಕರರು ಸಹಸ್ರಾರು ಜನರೊಡನೆ ನಡೆದುಹೋಗಿ ಆ ಕೆರೆಯ ನೀರನ್ನು ಕುಡಿದರು. ಸವರ್ಣರು ಅವರ ಮೇಲೆ ಬಿದ್ದರು, ಬಳಿಕ ಕೆರೆಯನ್ನು ಶುದ್ಧಿ ಮಾಡಿದರು. ಅದೇ ವರ್ಷದ ಆಗಸ್ಟಿನಲ್ಲಿ ಪುರಸಭೆಯು ತನ್ನ ಹಿಂದಿನ ಗೊತ್ತುವಳಿಯನ್ನು ತಾನೇ ರದ್ದುಗೊಳಿಸಿತು. ವ್ಯಾಜ್ಯವು ನ್ಯಾಯಾಲಯಕ್ಕೆ ಹೋಗಿ, ಹತ್ತು ವರ್ಷಗಳ ನಂತರ, ೧೯೩೭ರಲ್ಲಿ, ಮುಂಬಯಿ ಉಚ್ಚ ನ್ಯಾಯಾಲಯವು ಅಸ್ಪೃಶ್ಯರ ಪರವಾಗಿ ತೀರ್ಪಿತ್ತಿತು.

ಸ್ಥಳೀಯ ಮತದ ಶಕ್ತಿಯೂ ದೌರ್ಬಲ್ಯವೂ ಇಲ್ಲಿ ಒಟ್ಟಿಗೇ ಕಾಣುತ್ತವೆ. ಪುರಸಭೆಯ ಗೊತ್ತುವಳಿಯಿರದಿದ್ದಲ್ಲಿ ಸತ್ಯಾಗ್ರಹಕ್ಕೆ ಕಾನೂನಿನ ಒಂದು ಆಧಾರ ತಪ್ಪುತ್ತಿದ್ದಿತು. ಆದರೆ ಆ ಪುರಸಭೆಯ ಮತದಾರರು ಊರಿನ ಆಸ್ತಿವಂತರು. ಒತ್ತಡ ಬಂದಾಗ ಸಭೆಯು ಅವರ ಕಡೆಗೇ ವಾಲಿತು. ಸ್ಥಳೀಯ ಸಭೆಯು ಜನಕ್ಕೆ ಹತ್ತಿರವೆಂಬ ಹೊಗಳಿಕೆಯಲ್ಲಿ ಒಂದು ಪ್ರಶ್ನೆ ಅಡಗಿದೆ: ಯಾವ ಜನಕ್ಕೆ? ಊರಿನ ಬಲಿಷ್ಠರಿಗೆ ಅದು ಎಲ್ಲರಿಗಿಂತ ಹತ್ತಿರ. ೧೯೩೨ರಲ್ಲಿ ಗ್ರಾಮಪಂಚಾಯತಿ ಮಸೂದೆಯ ಚರ್ಚೆಯಲ್ಲಿ ಅಂಬೇಡಕರರು, ಶೋಷಿತರಿಗೆ ಪ್ರತ್ಯೇಕ ಪ್ರಾತಿನಿಧ್ಯವಿಲ್ಲದ ಪಂಚಾಯತಿಯನ್ನು ವಿರೋಧಿಸಿದುದಕ್ಕೆ ಮಹಾಡದ ಅನುಭವದ ಹಿನ್ನೆಲೆಯಿದ್ದಿತು.

೭

೧೯೪೮ರಲ್ಲಿ ಮುಂಬಯಿ ಪೌರಸಭೆಯ ಚುನಾವಣೆಯು ಮೊದಲ ಸಲ ವಯಸ್ಕ ಮತಾಧಿಕಾರದ ಮೇಲೆ ನಡೆಯಿತು. ದೇಶದ ಮೊದಲ ಸಾರ್ವತ್ರಿಕ ಚುನಾವಣೆಗಿಂತ ಮೂರು ವರ್ಷ ಮುಂಚೆಯೇ ಗಿರಣಿಯ ಕೂಲಿ, ಹಮಾಲ, ಮನೆಗೆಲಸದ ಹೆಂಗಸು ಇವರು ಮತಪೆಟ್ಟಿಗೆಯ ಮುಂದೆ ನಿಂತರು. ೧೮೭೨ರಲ್ಲಿ ಕೆಲವು ಸಾವಿರ ಜನರ ಸೊತ್ತಾಗಿದ್ದ ಹಕ್ಕು ಎಪ್ಪತ್ತಾರು ವರ್ಷಗಳಲ್ಲಿ ನಗರದ ಹಕ್ಕಾಯಿತು.

ಈ ಹಕ್ಕು ನಾಡಿನ ದೊಡ್ಡ ಪ್ರಶ್ನೆಯೊಂದರಲ್ಲಿ ಬಳಕೆಗೆ ಬಂದುದು ೧೯೫೭ರಲ್ಲಿ. ೧೯೫೬ರ ನವೆಂಬರ್ ೧ರಂದು ಮುಂಬಯಿ ರಾಜ್ಯದ ಕನ್ನಡ ಜಿಲ್ಲೆಗಳು ಮೈಸೂರು ರಾಜ್ಯವನ್ನು ಸೇರಿದವು. ಏಕೀಕರಣದ ಕನಸು ಕಂಡ ಕನ್ನಡಿಗರಿಗೆ ಅದು ಸಿದ್ಧಿಯ ದಿನ. ಮರಾಠಿಗರಿಗೆ ಮಾತ್ರ ದ್ವಿಭಾಷಾ ರಾಜ್ಯವೇ ಉಳಿಯಿತು. ಸಂಯುಕ್ತ ಮಹಾರಾಷ್ಟ್ರ ಸಮಿತಿಯು ೧೯೫೭ರ ವಿಧಾನಸಭೆಯ ಚುನಾವಣೆಯಲ್ಲಿ ಮರಾಠಿ ಪ್ರದೇಶದಲ್ಲಿ ಗಣನೀಯ ಜಯ ಪಡೆದರೂ ಸರಕಾರ ರಚಿಸಲಾಗಲಿಲ್ಲ. ಅದೇ ವರ್ಷ ಮುಂಬಯಿ ಪೌರಸಭೆಯನ್ನು ಅದು ಗೆದ್ದಿತು, ಸಮಿತಿಯ ಎಂ. ವಿ. ದೋಂದೆಯವರು ಮೇಯರರಾದರು, ಮರುವರ್ಷ ಕಮ್ಯುನಿಸ್ಟ್ ನಾಯಕ ಎಸ್. ಎಸ್. ಮಿರಜಕರರು ಆ ಸ್ಥಾನಕ್ಕೆ ಬಂದರು. ಮುಂಬಯಿಯು ಬಹುಭಾಷಿಕರ ನಗರವಾದುದರಿಂದ ಮಹಾರಾಷ್ಟ್ರಕ್ಕೆ ಸೇರಲೊಲ್ಲದು ಎಂಬುದು ವಿರೋಧಿಗಳ ಮುಖ್ಯ ವಾದವಾಗಿದ್ದಿತು. ಆ ನಗರದ ಸಭೆಯೇ ಸಮಿತಿಯ ಕೈಸೇರಿದಾಗ ವಾದದ ಬಲವು ಕುಗ್ಗಿತು. ೧೯೬೦ರ ಮೇ ೧ರಂದು ಮಹಾರಾಷ್ಟ್ರವು ರಚನೆಯಾಯಿತು. ಇದು ಪೌರಸಭೆಯ ಚುನಾವಣೆಯೊಂದರ ಫಲವೆಂದರೆ ಅತಿಶಯೋಕ್ತಿಯಾದೀತು. ಗುಂಡಿಗೆ ಬಲಿಯಾದವರ ತ್ಯಾಗ, ಮುಷ್ಕರ, ಮೆರವಣಿಗೆ, ವಿಧಾನಸಭೆಯ ಜಯ ಇವೆಲ್ಲದರೊಡನೆ ಅದೂ ಒಂದು ಕೊಂಡಿ.

ಇದರ ಇನ್ನೊಂದು ಮುಖವನ್ನು ಕನ್ನಡಿಗರು ಬೆಳಗಾವಿಯಲ್ಲಿ ಕಂಡಿದ್ದಾರೆ. ಆ ನಗರವು ಮಹಾರಾಷ್ಟ್ರಕ್ಕೆ ಸೇರಬೇಕೆಂದು ಅಲ್ಲಿಯ ಮಹಾನಗರಪಾಲಿಕೆಯು ೨೦೦೫ರಲ್ಲಿ ನಿರ್ಣಯ ಮಾಡಿದಾಗ ಕರ್ನಾಟಕ ಸರಕಾರವು ಪಾಲಿಕೆಯನ್ನೇ ವಿಸರ್ಜಿಸಿತು. ಗಡಿಯ ಪ್ರಶ್ನೆಯಲ್ಲಿ ಯಾರ ನಿಲುವು ಏನೇ ಇರಲಿ, ಸ್ಥಳೀಯ ಸಭೆಯ ಜೀವವು ಮೇಲಿನ ಸರಕಾರದ ಕೈಯಲ್ಲಿದೆಯೆಂಬ ಸತ್ಯವು ಇಲ್ಲಿ ಬಯಲಾಯಿತು. ವಿಸರ್ಜನೆಯಿಂದ ಆ ಗುಂಪಿನ ಬಲವೇನೂ ಅಳಿಯಲಿಲ್ಲ; ಆಮೇಲೂ ಅದು ಪಾಲಿಕೆಯಲ್ಲಿ ಗೆದ್ದು ಬಂದಿತು. ಕೊನೆಗೆ ೨೦೨೧ರ ಚುನಾವಣೆಯಲ್ಲಿ ಆ ಊರಿನ ಮತದಾರರೇ ಅದನ್ನು ಕೆಲವೇ ಸ್ಥಾನಗಳಿಗೆ ಇಳಿಸಿದರು. ಸರಕಾರದ ಆಜ್ಞೆಯು ಮಾಡಲಾಗದ ಕೆಲಸವನ್ನು ಮತವು ಮಾಡಿತು.

೮

ಇಷ್ಟೆಲ್ಲ ಆದರೂ ಮುಂಬಯಿಯಲ್ಲಿ ೧೮೮೮ರ ಮೂಲಪ್ರಶ್ನೆಯು ಹಾಗೆಯೇ ಉಳಿಯಿತು. ಮತದಾರರು ಬದಲಾದರು, ಪಕ್ಷಗಳು ಬದಲಾದವು, ೧೯೩೧ರಿಂದ ಅಧ್ಯಕ್ಷನ ಹೆಸರು ಮೇಯರ್ ಎಂದಾಯಿತು; ಕಾರ್ಯಾಧಿಕಾರವು ಮಾತ್ರ ಸರಕಾರವು ಕಳಿಸುವ ಕಮಿಷನರನಲ್ಲಿಯೇ ನಿಂತಿತು. ೧೯೯೮ರಲ್ಲಿ ಮೇಯರನೂ ಅವನ ಮಂಡಲವೂ ಕಾರ್ಯಭಾರ ನಡೆಸುವ ಪದ್ಧತಿಯನ್ನು ತಂದು ನೋಡಿದರು. ಮರುವರ್ಷವೇ ಅದನ್ನು ಕೈಬಿಟ್ಟರು.

ಈ ಗಂಟನ್ನು ಬಿಚ್ಚಬಹುದೆಂದು ತೋರಿಸಿದ ಪ್ರಯೋಗವು ನಡೆದುದು ಕರ್ನಾಟಕದ ಹಳ್ಳಿಗಳಲ್ಲಿ. ೧೯೮೩ರಲ್ಲಿ ರಾಮಕೃಷ್ಣ ಹೆಗಡೆಯವರ ಸರಕಾರದಲ್ಲಿ ಅಬ್ದುಲ್ ನಜೀರ್ ಸಾಬ್ ಅವರು ರೂಪಿಸಿದ ಶಾಸನವು, ೧೯೮೭ರ ಜನವರಿಯ ಚುನಾವಣೆಯೊಡನೆ, ಐವತ್ತು ಸಾವಿರಕ್ಕೂ ಮಿಕ್ಕ ಪ್ರತಿನಿಧಿಗಳನ್ನು ಜಿಲ್ಲಾ ಪರಿಷತ್ತು, ಮಂಡಲ ಪಂಚಾಯತಿಗಳಿಗೆ ತಂದಿತು. ಜಿಲ್ಲಾ ಪರಿಷತ್ತಿನ ಅಧ್ಯಕ್ಷನಿಗೆ ರಾಜ್ಯಮಂತ್ರಿಯ ದರ್ಜೆ. ಅವನ ಕೆಳಗೆ, ಜಿಲ್ಲಾಧಿಕಾರಿಗಿಂತ ಹಿರಿಯನಾದ ಐ. ಎ. ಎಸ್. ಅಧಿಕಾರಿಯು ಮುಖ್ಯ ಕಾರ್ಯದರ್ಶಿ. ಮುಂಬಯಿಯಲ್ಲಿ ನೂರು ವರ್ಷ ತಲೆಕೆಳಗಾಗಿದ್ದ ಸಂಬಂಧವು ಇಲ್ಲಿ ನೆಟ್ಟಗಾಯಿತು. ಮಹಿಳೆಯರಿಗೆ ನೂರಕ್ಕೆ ೨೫ ಸ್ಥಾನಗಳು ಮೀಸಲಾದವು. ಪರಿಶಿಷ್ಟ ಜಾತಿ ಪಂಗಡಗಳಿಗೂ ಸ್ಥಾನಗಳಿದ್ದವು. ಮಹಾಡದ ಪ್ರಶ್ನೆಗೆ ದೊರೆತ ಒಂದು ಉತ್ತರವಿದು. ಶಾಲೆಗೆ ಉಪಾಧ್ಯಾಯರೂ ಆಸ್ಪತ್ರೆಗೆ ವೈದ್ಯರೂ ತಪ್ಪದೆ ಬರುವುದು ಹೆಚ್ಚಿತೆಂಬುದು ಆ ವರ್ಷಗಳನ್ನು ಪರಿಶೀಲಿಸಿದವರ ಅನುಭವ. ಆದರೆ ನಜೀರ್ ಸಾಬ್ ಅವರು ೧೯೮೮ರಲ್ಲಿ ತೀರಿಕೊಂಡರು; ಮೊದಲ ಅವಧಿಯು ಮುಗಿದ ಮೇಲೆ, ೧೯೯೨ರಲ್ಲಿ, ಆ ಸಂಸ್ಥೆಗಳು ಹೊಸ ಚುನಾವಣೆಯಿಲ್ಲದೆ ಆಡಳಿತಾಧಿಕಾರಿಗಳ ಕೈಸೇರಿದವು.

ಇಂಥ ಅನುಭವಗಳಿಂದ ಕಲಿತೇ ಸಂವಿಧಾನದ ೭೩ ಮತ್ತು ೭೪ನೆಯ ತಿದ್ದುಪಡಿಗಳು ೧೯೯೨ರ ಡಿಸೆಂಬರಿನಲ್ಲಿ ಅಂಗೀಕೃತವಾದವು. ಐದು ವರ್ಷದ ಅವಧಿ ಮುಗಿಯುವುದರೊಳಗೆ ಚುನಾವಣೆಯಾಗಬೇಕು, ವಿಸರ್ಜಿಸಿದರೆ ಆರು ತಿಂಗಳಲ್ಲಿ ಆಗಬೇಕು ಎಂದು ಅವು ಕಟ್ಟುಮಾಡಿದವು. ಕಟ್ಟಳೆಯಿದ್ದರೂ ಬೆಂಗಳೂರಿನ ಪಾಲಿಕೆಯ ಅವಧಿಯು ೨೦೨೦ರ ಸೆಪ್ಟೆಂಬರಿನಲ್ಲಿ ಮುಗಿದಾಗ, ಮುಂಬಯಿಯ ಪಾಲಿಕೆಯ ಅವಧಿಯು ೨೦೨೨ರ ಮಾರ್ಚಿಯಲ್ಲಿ ಮುಗಿದಾಗ, ಚುನಾವಣೆಯು ಕಾಲಕ್ಕೆ ಸರಿಯಾಗಿ ನಡೆಯಲಿಲ್ಲ. ಮೂರು ವರ್ಷಗಳಿಗೂ ಮಿಕ್ಕಿ ಎರಡೂ 'ನಗರಗಳು' ಚುನಾಯಿತ ಸಭೆಯಿಲ್ಲದೆ ಅಧಿಕಾರಿಗಳ ಆಳಿಕೆಯಲ್ಲಿದ್ದವು. ಮುಂಬಯಿಯ ಮಟ್ಟಿಗೆ ಇದು ೧೮೭೨ಕ್ಕೂ ಹಿಂದಿನ ಸ್ಥಿತಿ. ಆಶ್ಚರ್ಯವೆಂದರೆ, ೧೮೭೧ರ ಕರದಾತರಂತೆ ಊರು ಎದ್ದು ನಿಲ್ಲಲಿಲ್ಲ.

೯

ಈ ಇತಿಹಾಸದಿಂದ ಹೊರಡುವ ತೀರ್ಮಾನವು ಎರಡು ಅಭಿಪ್ರಾಯಗಳಲ್ಲಿ ಯಾವೊಂದನ್ನೂ ಪೂರ್ತಿಯಾಗಿ ಎತ್ತಿಹಿಡಿಯುವುದಿಲ್ಲ. ಸ್ಥಳೀಯ ಮತವು ತಾನೊಂದೇ ರಾಜ್ಯದ ಸ್ವರೂಪವನ್ನು ಎಲ್ಲಿಯೂ ಬದಲಿಸಿಲ್ಲ. ಅದರ ಹಿಂದೆ ಚಳವಳಿಯಿದ್ದಾಗ, ೧೮೭೧ರಲ್ಲಿಯೂ ೧೯೨೭ರಲ್ಲಿಯೂ ೧೯೫೭ರಲ್ಲಿಯೂ, ಬದಲಾವಣೆಯು ಬಂದಿತು. ಆರಿಸಿ ಬಂದವರ ಕೈಗೆ ನಿಶ್ಚಿತವಾದ ಕೆಲಸವೂ ಹಣವೂ ಬಂದಾಗ ಶಾಲೆ, ಆಸ್ಪತ್ರೆಗಳು ಎದ್ದವು. ಮತದಾರರ ಪಟ್ಟಿಯು ಅಗಲವಾದಾಗ ಸಭೆಯ ಮುಖವು ಬದಲಾಯಿತು. ಅದು ಕಿರಿದಾಗಿದ್ದಾಗ ನಾಲ್ವರ ಕೂಟವೂ ಊರಿನ ಸವರ್ಣರೂ ಅದನ್ನು ಬಗ್ಗಿಸಿದರು. ಮೇಲಿನ ಸರಕಾರಗಳು, ಅವು ಪರಕೀಯವಾಗಲಿ ಸ್ವಕೀಯವಾಗಲಿ, ಈ ಸಭೆಗಳನ್ನು ಒಂದೇ ಸಮನೆ ಶಂಕೆಯಿಂದ ಕಂಡಿವೆ. ಒಮ್ಮೆ ಕೆಲಸವನ್ನು ಬೇರೆಡೆಗೆ ಸರಿಸಿವೆ, ಒಮ್ಮೆ ವಿಸರ್ಜಿಸಿವೆ, ಒಮ್ಮೆ ಚುನಾವಣೆಯನ್ನೇ ಮುಂದೂಡಿವೆ. ನಿಷ್ಫಲವಾದ ವಸ್ತುವಿಗೆ ಇಷ್ಟೊಂದು ಅಂಜುವವರಿಲ್ಲ.

ಹೊರನಾಡಿನ ಕನ್ನಡಿಗರಿಗೆ ಇದರಲ್ಲಿ ಒಂದು ವಿಶೇಷಾರ್ಥವಿದೆ. ವಿಧಾನಸಭೆಯಲ್ಲಿ ಅವರ ಸಂಖ್ಯೆಯು ಎಂದಿಗೂ ಗಣನೆಗೆ ಬರುವಂಥದಲ್ಲ. ವಾರ್ಡಿನಲ್ಲಿಯಾದರೆ ಕೆಲವು ನೂರು ಮತಗಳೂ ಲೆಕ್ಕಕ್ಕೆ ಬರುತ್ತವೆ. ಪೌರಸಭೆಯ ಕನ್ನಡ ಶಾಲೆಯ ಬಾಗಿಲು ತೆರೆದಿರಬೇಕೇ ಮುಚ್ಚಬೇಕೇ ಎಂಬುದು ದಿಲ್ಲಿಯಲ್ಲಾಗಲಿ ಬೆಂಗಳೂರಿನಲ್ಲಾಗಲಿ ನಿರ್ಧಾರವಾಗುವುದಿಲ್ಲ. ಆಯವ್ಯಯವನ್ನು ಒಪ್ಪುವ ಆ ಸಭೆಯಲ್ಲಿಯೇ ಆಗುತ್ತದೆ, ಸಭೆಯಿಲ್ಲದ ವರ್ಷಗಳಲ್ಲಿ ಕಮಿಷನರನ ಮೇಜಿನ ಮೇಲೆ ಆಗುತ್ತದೆ. ಈ ಎರಡರ ಅಂತರವೇ ಸ್ಥಳೀಯ ಮತದ ಬೆಲೆ.